ಕೂಗುವವಳು ಕೆಳಗಿಳಿದ ಶನಿವಾರ

ಡೋ-ಸಿ-ಡೋ ಎಂಬ ಹೆಜ್ಜೆಗೆ ಆ ಹೆಸರು ಬಂದದ್ದು ಎರಡು ಮೇಕೆಗಳಿಂದ ಎಂದು ವಿನ್ನಿ ಪ್ರೆಸ್ಕಾಟ್ ಮನಸಾರೆ ನಂಬಿದ್ದಳು.

ಟೆನ್ನಿ ಹಾಲೋ ಊರಿನ ಟೌನ್ ಹಾಲ್‌ನಲ್ಲಿ ಶನಿವಾರ ಸಂಜೆಯೆಂದರೆ ಕಾಂಟ್ರಾ ಕುಣಿತ. ಗಂಡಸರದೊಂದು ಸಾಲು, ಹೆಂಗಸರದೊಂದು ಸಾಲು, ಎದುರುಬದುರು. ವೇದಿಕೆಯ ಮೇಲೆ ಪಿಟೀಲು, ಪಿಯಾನೊ. ಅವುಗಳ ಮುಂದೆ ಮೈಕು ಹಿಡಿದು, ಮುಂದಿನ ಹೆಜ್ಜೆ ಯಾವುದೆಂದು ಕೂಗಿ ಹೇಳುವವಳು ವಿನ್ನಿ. ವಾರದ ಉಳಿದ ದಿನಗಳಲ್ಲಿ ಅವಳು ಸ್ಕೂಲ್ ಬಸ್ ಓಡಿಸುತ್ತಿದ್ದಳು. ಗಂಟಲಿನ ಮಟ್ಟಿಗೆ ಎರಡೂ ಒಂದೇ ಕೆಲಸ.

"ಬೀವರ್ ಹಳ್ಳದ ಮೇಲೊಂದು ಹಲಗೆ ಇತ್ತು," ಎಂದು ಅವಳು ಆ ಸಂಜೆಯೂ ಶುರುಮಾಡಿದಳು. "ಆ ಕಡೆಯಿಂದ ಡೋಸಿ ಅನ್ನೋ ಮೇಕೆ ಬಂತು, ಈ ಕಡೆಯಿಂದ ಡೋ ಅನ್ನೋ ಮೇಕೆ ಬಂತು. ಎರಡಕ್ಕೂ ಹಠ. ಹಿಂದಕ್ಕೆ ಹೋಗಲ್ಲ, ದಾರಿ ಬಿಡಲ್ಲ. ಕೊನೆಗೆ ಬೆನ್ನಿಗೆ ಬೆನ್ನು ಸವರಿಕೊಂಡು ದಾಟಿದ್ವು. ಆ ಮೇಕೆಗಳ ನೆನಪಿಗೇ ನಾವು ಇವತ್ತಿಗೂ ಡೋ-ಸಿ-ಡೋ ಅಂತೀವಿ."

ಸಾಲಿನಲ್ಲಿ ನಿಂತ ಊರಿನವರು ತುಟಿ ಬಿಗಿಹಿಡಿದು ಗಂಭೀರವಾಗಿ ತಲೆಯಾಡಿಸಿದರು.

ಬಾಗಿಲ ಹತ್ತಿರದಿಂದ ಒಬ್ಬನೇ ಒಬ್ಬನ ನಗು ಕೇಳಿಸಿತು. ಸಣ್ಣ ನಗುವಲ್ಲ. ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನಗುವ ನಗು.

ವಿನ್ನಿ ಮೈಕನ್ನು ತುಟಿಯಿಂದ ದೂರ ಸರಿಸಿ ಆ ಕಡೆ ನೋಡಿದಳು. ಎತ್ತರದ ಮನುಷ್ಯ. ಕೆದರಿದ ಕಪ್ಪು ಕೂದಲು. ಅಂಗಿಯ ಗುಂಡಿ ಒಂದು ಮನೆ ತಪ್ಪಿ ಕೂತಿತ್ತು.

"ನಗೋ ಅಂಥದ್ದೇನಿದೆ, ಸಾರ್?"

"ಕ್ಷಮಿಸಿ. ಎಷ್ಟು ಚೆನ್ನಾಗಿದೆ ನಿಮ್ಮ ಜೋಕು!"

"ಅದು ಜೋಕಲ್ಲ. ಚರಿತ್ರೆ."

ಅವನ ನಗು ಅಲ್ಲೇ ನಿಂತಿತು. "ಚರಿತ್ರೆನಾ? ಆದ್ರೆ... ಅದು ಫ್ರೆಂಚ್ ಮಾತು ಕಣ್ರೀ. ‘ದೊ’ ಅಂದ್ರೆ ಬೆನ್ನು. ‘ದೊ-ಜಾ-ದೊ’ ಅಂದ್ರೆ ಬೆನ್ನಿಗೆ ಬೆನ್ನು. ಅಷ್ಟೇ."

ಪಿಯಾನೊ ಮುಂದೆ ಕೂತಿದ್ದ ಹೆಸ್ಟರಮ್ಮನ ಮೊಣಕೈ ತಾಗಿ ಮಂದ್ರದ ಸ್ವರಗಳೆಲ್ಲ ಒಟ್ಟಿಗೆ ನರಳಿದವು. ಅಂಗಡಿಯ ಕ್ಲೈಡ್ ಮೆಲ್ಲಗೆ ಕೇಳಿದ, "ಹಾಗಾದ್ರೆ ಮೇಕೆಗಳ ಗತಿ?"

ಹೊಸಬನಿಗೆ ಆಗಲೇ ತಾನೇನು ಮಾಡಿದೆನೆಂದು ಅರ್ಥವಾಗಿರಬೇಕು. "ಮೇಕೆಗಳೂ... ಇದ್ದಿರಬಹುದು," ಎಂದ.

ವಿನ್ನಿಯ ಕಿವಿ ಕೆಂಡವಾಯಿತು.

*

ವಿರಾಮದ ಹೊತ್ತಿನಲ್ಲಿ ಆತ ಸೇಬಿನ ರಸದ ಮೇಜಿನ ಹತ್ತಿರ ಅವಳನ್ನು ಹುಡುಕಿಕೊಂಡು ಬಂದ. ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಡೋನಟ್. ಕೈಕುಲುಕಲು ಯಾವುದನ್ನು ಕೆಳಗಿಡಬೇಕೆಂದು ತಿಳಿಯದೆ ಎರಡನ್ನೂ ಅವಳ ಕಡೆಗೇ ಚಾಚಿದ.

"ನಾನು ರೆಮಿ ತಿಬೋದೊ. ಹೈಸ್ಕೂಲಿಗೆ ಹೊಸದಾಗಿ ಬಂದಿರೋ ಫ್ರೆಂಚ್ ಮೇಷ್ಟ್ರು."

"ಅದಕ್ಕೇ ಎಲ್ಲ ಫ್ರೆಂಚ್ ಆಗಿ ಕಾಣುತ್ತೆ." ವಿನ್ನಿ ಡೋನಟ್ ತೆಗೆದುಕೊಂಡಳು. ಕೋಪ ಬೇರೆ, ಡೋನಟ್ ಬೇರೆ. "ಎಡಗೈ ಹಿಡಿದು ಸುತ್ತೋದಕ್ಕೆ ‘ಅಲಮಾಂಡ್’ ಅಂತೀವಲ್ಲ, ಅದೂ ನಿಮ್ಮದೇನಾ?"

"ನೀವು ಹೇಳಿ ಮೊದಲು. ಯಾಕೆ ಬಂತು ಆ ಹೆಸರು?"

ಅವನ ಕಣ್ಣಲ್ಲಿ ಕುಚೋದ್ಯವಿರಲಿಲ್ಲ. ಕಥೆಗೆ ಕಾದು ಕೂತವರ ಆಸೆಯಿತ್ತು. ಅದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

"ಆಲಿ ಮ್ಯಾನ್ ಅಂತ ಒಬ್ಬ ಕಮ್ಮಾರ ಇದ್ದ. ಎಡಚ. ಯಾರ ಬಲಗೈನೂ ಹಿಡೀತಿರಲಿಲ್ಲ."

ರೆಮಿ ಸೇಬಿನ ರಸವನ್ನು ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡಿದ. ಮುಖ ಬೀಟ್‌ರೂಟಿನ ಹಾಗಾಯಿತು.

"ಉಗುಳ್ರೀ. ಪ್ರಾಣ ಹೋದೀತು."

"ಜರ್ಮನ್," ಎಂದ ಉಸಿರು ಎಳೆದುಕೊಂಡು. "ಫ್ರೆಂಚಿನಲ್ಲಿ ‘ಅಲ್‌ಮಾಂದ್’ ಅಂದ್ರೆ ಜರ್ಮನ್ ಅಂತ. ಜರ್ಮನ್ನರ ಹಳೇ ಕುಣಿತದ ಹೆಸರು. ಕ್ಷಮಿಸಿ. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು."

"ಕುಣಿಯೋಕೆ ಬಂದಿದ್ದೀರಾ, ಪಾಠ ಮಾಡೋಕೆ ಬಂದಿದ್ದೀರಾ?"

"ಕುಣಿಯೋಕೆ."

"ಹೋಗಿ ಕುಣೀರಿ."

ಹೋಗಿ ಕುಣಿದ. ಹೆಸರುಗಳ ಅರ್ಥವೆಲ್ಲ ಗೊತ್ತಿದ್ದ ಮನುಷ್ಯನಿಗೆ ಹೆಜ್ಜೆ ಒಂದೂ ಗೊತ್ತಿರಲಿಲ್ಲ. ಬಲಕ್ಕೆಂದರೆ ಎಡಕ್ಕೆ ಹೋಗುತ್ತಿದ್ದ, ಕ್ಲೈಡ್‌ನ ಹೆಂಡತಿಗೆ ಡಿಕ್ಕಿ ಹೊಡೆದು ಕ್ಲೈಡ್‌ನ ಕ್ಷಮೆ ಕೇಳುತ್ತಿದ್ದ. ಜೋಡಿಯಾಗಿ ಗಿರಗಿರನೆ ಸುತ್ತುವಾಗ ತಲೆ ತಿರುಗಬಾರದೆಂದರೆ ಎದುರಿಗಿರುವವರ ಕಣ್ಣನ್ನೇ ನೋಡುತ್ತಿರಬೇಕು. ವಿನ್ನಿ ಅದನ್ನು ಮೈಕಿನಲ್ಲಿ ಬಿಡಿಸಿ ಹೇಳಿದ್ದಳು. ಆದರೂ ಆತ ಸುತ್ತು ಸುತ್ತಿಗೂ ಕತ್ತು ತಿರುಗಿಸಿ ವೇದಿಕೆಯ ಕಡೆಯೇ ನೋಡುತ್ತಿದ್ದ. ಕೊನೆಗೆ ಕಾಲು ತೊಡರಿ ಕೋಟುಗಳನ್ನು ರಾಶಿ ಹಾಕಿದ್ದ ಬೆಂಚಿನ ಮೇಲೆ ಬಿದ್ದ.

"ಎದುರಿಗಿದ್ದವರ ಕಣ್ಣು ನೋಡಿ ಅಂದಿದ್ದೆ, ಮೇಷ್ಟ್ರೇ," ಎಂದಳು ವಿನ್ನಿ ಮೈಕಿನಲ್ಲೇ.

"ನೋಡ್ತಾನೇ ಇದ್ದೆ," ಎಂದ ಆತ ಕೋಟುಗಳ ಮಧ್ಯದಿಂದ. "ದೂರ ಇದ್ವು."

ಸಾಲಿನ ಹೆಂಗಸರು "ಓಹೋ!" ಎಂದರು. ವಿನ್ನಿ ಮುಂದಿನ ಹೆಜ್ಜೆಯ ಹೆಸರು ಮರೆತಳು. ಹಿಂದೆಂದೂ ಹಾಗಾಗಿರಲಿಲ್ಲ.

*

ಅವಳ ದುರದೃಷ್ಟಕ್ಕೆ, ಬೆಳಗ್ಗೆ ಬಸ್ಸುಗಳು ಬರುವಾಗ ಸ್ಕೂಲಿನ ಗೇಟಿನಲ್ಲಿ ನಿಲ್ಲುವ ಡ್ಯೂಟಿ ರೆಮಿಗೇ ಬಿದ್ದಿತ್ತು. ಬಸ್ಸಿನ ಬಾಗಿಲು ತೆರೆದರೆ ಅವನ ಮುಖ. ಮಕ್ಕಳೆಲ್ಲ ಇಳಿಯುವ ತನಕ ಇಬ್ಬರೂ ಎಲ್ಲಿ ನೋಡಬೇಕೆಂದು ತಿಳಿಯದೆ ಒಬ್ಬರನ್ನೊಬ್ಬರು ನೋಡುತ್ತಿದ್ದರು.

"ಗುಡ್ ಮಾರ್ನಿಂಗ್, ಪ್ರೆಸ್ಕಾಟ್ ಅವರೇ."

"ಬಾಗಿಲು ಮುಚ್ಚುತ್ತೆ. ಮೂಗು ಜೋಪಾನ."

ಹೀಗೇ ನಡೆಯಿತು. ಶನಿವಾರಗಳಲ್ಲಿ ಆತ ತಪ್ಪದೆ ಬಂದ, ತಪ್ಪದೆ ಎಡವಿದ, ವಿರಾಮದಲ್ಲಿ ತಪ್ಪದೆ ಡೋನಟ್ ತಂದ. ‘ಸಶೇ’ ಎಂಬ ಜಾರುಹೆಜ್ಜೆಯೆಂದರೆ ಹೊಳೆಯ ಆಚೆಗಿದ್ದ ಸೇಡಿ ಶೇ ಎಂಬ ವಿಧವೆಯ ನಡಿಗೆಯೆಂದು ವಿನ್ನಿ ಹೇಳಿದರೆ, ಆತ ನಾಲಿಗೆ ಕಚ್ಚಿಕೊಂಡು ಸುಮ್ಮನಿರಲು ನೋಡುತ್ತಿದ್ದ. ಆಗುತ್ತಿರಲಿಲ್ಲ.

"ಬೊಗಳಿಬಿಡಿ. ಅದೂ ಫ್ರೆಂಚೇ ತಾನೆ?"

"‘ಶಾಸೆ’ ಅಂತ. ಅಟ್ಟಿಸಿಕೊಂಡು ಹೋಗೋದು. ಒಂದು ಕಾಲು ಇನ್ನೊಂದನ್ನು ಅಟ್ಟಿಸಿಕೊಂಡು ಹೋಗುತ್ತಲ್ಲ, ಹಾಗೆ." ಆಮೇಲೆ ತಗ್ಗಿದ ದನಿಯಲ್ಲಿ, "ಆದ್ರೆ ವಿಧವೆನೇ ಚೆನ್ನಾಗಿದ್ಲು."

ಅವನು ಎಂದಾದರೂ ತಡವಾಗಿ ಬಂದರೆ, ಮೊದಲ ಕುಣಿತ ಶುರುಮಾಡಲು ವಿನ್ನಿಗೆ ಏನೋ ಅಡ್ಡಿ. ಮೈಕು ಸರಿಯಿಲ್ಲ, ಬೆಳಕು ಕಣ್ಣಿಗೆ ಹೊಡೆಯುತ್ತದೆ, ಹೆಸ್ಟರಮ್ಮನ ಪಿಯಾನೊ ಸ್ಟೂಲು ಕಿರ್ರೆನ್ನುತ್ತದೆ.

"ಸ್ಟೂಲು ಮೂವತ್ತು ವರ್ಷದಿಂದ ಕಿರ್ ಅಂತಿದೆ ಕಣೇ," ಎಂದಳು ಹೆಸ್ಟರಮ್ಮ ಒಮ್ಮೆ. "ಬಾಗಿಲು ನೋಡ್ಕೊಂಡು ನಿಂತಿರೋದು ಮಾತ್ರ ಹೊಸದು."

ಅಂದೇ ವಿನ್ನಿ ನಿರ್ಧರಿಸಿದಳು, ಈ ಹೆಸರುಗಳ ಜಗಳ ಮುಗಿಸಲೇಬೇಕೆಂದು. ಕಥೆಗಳೆಲ್ಲ ಅವಳಿಗೆ ಬಂದದ್ದು ಓರಿನ್ ದೊಡ್ಡಪ್ಪನಿಂದ. ಅವಳಿಗಿಂತ ಮೊದಲು ಆ ಹಾಲ್‌ನಲ್ಲಿ ಹೆಜ್ಜೆ ಕೂಗುತ್ತಿದ್ದವನು ಆತನೇ. ಮೂರು ವರ್ಷದ ಹಿಂದೆ ಮೊಣಕಾಲು ಕೈಕೊಟ್ಟ ಮೇಲೆ ಮೈಕನ್ನು ಅವಳಿಗೆ ಒಪ್ಪಿಸಿ, ಬೆಟ್ಟದ ಮೇಲಿನ ಮನೆಯಲ್ಲಿ ಲೆಟ್ಟಿ ದೊಡ್ಡಮ್ಮನ ಜೊತೆ ಜಗಳವಾಡಿಕೊಂಡು ಸುಖವಾಗಿದ್ದ.

"ದೊಡ್ಡಪ್ಪ, ಡೋಸಿ ಮತ್ತು ಡೋ ಯಾರ ಮನೆ ಮೇಕೆಗಳು? ಸಾಕ್ಷಿ ಬೇಕು ನಂಗೆ."

ಓರಿನ್ ದೊಡ್ಡಪ್ಪ ಬಿಸಿ ಕಾಫಿಯನ್ನು ಊದುತ್ತಾ ಊದುತ್ತಾ ನಿಲ್ಲಿಸಿದ. ಲೆಟ್ಟಿ ದೊಡ್ಡಮ್ಮ ಹೆಣೆಯುತ್ತಿದ್ದ ಕಾಲುಚೀಲದಿಂದ ತಲೆಯೆತ್ತಿದಳು.

"ನೀನು ಅದನ್ನ ನಿಜ ಅಂದ್ಕೊಂಡಿದ್ಯಾ?" ಎಂದ ದೊಡ್ಡಪ್ಪ.

"ನಿಜ ಅಲ್ವಾ?"

"ಅಯ್ಯೋ ಮಗಳೇ. ಹೊಸಬರು ಹೆದರಿಕೊಂಡು ನಿಂತಿರ್ತಾರೆ, ಮೊಣಕಾಲು ಮಡಚೋದೇ ಇಲ್ಲ. ಒಂದ್ಸಲ ನಗಿಸಿಬಿಟ್ರೆ ಸಡಿಲ ಆಗ್ತಾರೆ. ಅದಕ್ಕೆ ಆ ಕ್ಷಣ ಬಾಯಿಗೆ ಬಂದದ್ದು ಹೇಳ್ತಿದ್ದೆ. ಮೇಕೆ, ಕಮ್ಮಾರ, ವಿಧವೆ..."

"ಆ ವಿಧವೆ ವಿಷಯ ನಂಗೂ ಡೌಟಿತ್ತು," ಎಂದಳು ದೊಡ್ಡಮ್ಮ.

ವಿನ್ನಿ ಕುರ್ಚಿಯ ಅಂಚಿನಲ್ಲಿ ಕುಸಿದು ಕೂತಳು. "ಮತ್ತೆ ನಾನು ಹೇಳಿದಾಗ ಊರಲ್ಲಿ ಯಾರೂ ಯಾಕೆ ನಗ್ತಿರಲಿಲ್ಲ?"

ದೊಡ್ಡಪ್ಪ ದೊಡ್ಡಮ್ಮನ ಮುಖ ನೋಡಿದ. ದೊಡ್ಡಮ್ಮ ಸೂಜಿಗಳನ್ನು ಮಡಿಲಿಗಿಟ್ಟು ಹೇಳಿದಳು, "ಮೊದಲನೇ ದಿನ ನೀನು ಎಷ್ಟು ಶ್ರದ್ಧೆಯಿಂದ ಹೇಳಿದೆ ಅಂದ್ರೆ, ಯಾರಿಗೂ ನಗೋಕೆ ಮನಸ್ಸಾಗಲಿಲ್ಲ ಕಣೇ. ನಿನ್ನ ಮನಸ್ಸಿಗೆ ನೋವಾಗುತ್ತೆ ಅಂತ. ಆಮೇಲೆ ಹಾಗೇ ರೂಢಿಯಾಗಿಹೋಯ್ತು. ಕ್ಲೈಡ್ ಅಂತೂ ಕೆನ್ನೆ ಒಳಗಡೆ ಕಚ್ಕೊಂಡು ಗಾಯ ಮಾಡ್ಕೊಂಡಿದ್ದಾನೆ."

ಮೂರು ವರ್ಷ! ಊರಿಗೆ ಊರೇ ತುಟಿ ಬಿಗಿಹಿಡಿದು ನಿಂತಿತ್ತು, ತನಗಾಗಿ. ಆ ಕಥೆಗಳಿಗೆ ಸರಿಯಾಗಿ ನಕ್ಕವನು ಒಬ್ಬನೇ ಒಬ್ಬ. ಅವನ ಮೂಗಿಗೆ ಅವಳು ದಿನಾ ಬೆಳಗ್ಗೆ ಬಸ್ಸಿನ ಬಾಗಿಲು ಮುಚ್ಚುತ್ತಿದ್ದಳು.

*

ಮುಂದಿನ ಶನಿವಾರ ವಿನ್ನಿ ಕಥೆ ಹೇಳಲಿಲ್ಲ. "ಡೋ-ಸಿ-ಡೋ. ಬೆನ್ನಿಗೆ ಬೆನ್ನು," ಎಂದಳು, ಬಸ್ಸಿನ ಸ್ಟಾಪ್ ಹೇಳುವ ಹಾಗೆ. "ಅಲಮಾಂಡ್. ಎಡಗೈ." ಕುಣಿತ ನಡೆಯಿತು. ಆದರೆ ಔಷಧಿ ಕುಡಿದಂತೆ ನಡೆಯಿತು. ಕೊನೆಯಲ್ಲಿ ಅವಳು ಮೈಕಿಗೆ ಹೇಳಿದಳು, "ಮುಂದಿನ ವಾರ ಕಡೇದು. ಆಮೇಲೆ ಬೇರೆ ಯಾರಾದ್ರೂ ಕೂಗಲಿ."

ಬೇರೆ ಯಾರೂ ಇರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು.

ಸೋಮವಾರ ಬೆಳಗ್ಗೆ ಬಸ್ಸಿನ ಬಾಗಿಲು ತೆರೆದಾಗ ರೆಮಿ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟೇ ಬಿಟ್ಟ. ಮಕ್ಕಳು ಅವನ ಸುತ್ತ ಬಳಸಿ ಇಳಿದು ಹೋದರು.

"ಅಂಗಡೀಲಿ ನಂಗೆ ಹಾಲು ಕೊಡ್ತಿಲ್ಲ," ಎಂದ.

"ಏನು?"

"ಕ್ಲೈಡ್. ‘ಊರು ಮೂರು ವರ್ಷ ನಗು ತಡ್ಕೊಂಡಿತ್ತು, ನಿಮಗೆ ಒಂದು ನಿಮಿಷ ತಡೆಯೋಕಾಗ್ಲಿಲ್ವಾ?’ ಅಂತ ಬೈದ. ಪೋಸ್ಟ್ ಆಫೀಸಲ್ಲಿ ಹೆಸ್ಟರಮ್ಮ ನನ್ನನ್ನ ‘ಮೇಕೆ ಕೊಂದವನು’ ಅಂತ ಕರೀತಾರೆ. ನಾನು ಊರು ಬಿಡಬೇಕಾಗುತ್ತೆ, ಪ್ರೆಸ್ಕಾಟ್ ಅವರೇ. ದಯವಿಟ್ಟು ಕೂಗೋದು ಬಿಡಬೇಡಿ."

ವಿನ್ನಿಗೆ ನಗು ಬಂತು. ತಡೆದುಕೊಂಡಳು; ಅವಳದೂ ಆ ಊರಿನ ರಕ್ತವೇ. "ನೀವು ತಪ್ಪೇನೂ ಮಾಡಿಲ್ಲ ಮೇಷ್ಟ್ರೇ. ನೀವು ಹೇಳಿದ್ದೆಲ್ಲ ಸರಿ ಇತ್ತು."

"ಸರಿ ಇದ್ದು ಏನು ಪ್ರಯೋಜನ? ನಮ್ಮಜ್ಜಿ ಹೇಳೋರು, ನಾನು ಬಾಯಿ ಬಿಟ್ರೆ ಹಬ್ಬದ ಮನೇಲೂ ಪಾಠ ಶುರು ಆಗುತ್ತೆ ಅಂತ."

"ಒಂದು ಮಾತ್ರ ನಿಮಗೆ ಗೊತ್ತಿಲ್ಲ." ವಿನ್ನಿ ಸ್ಟಿಯರಿಂಗ್ ಮೇಲೆ ಮೊಣಕೈಯೂರಿದಳು. ಭಾನುವಾರವಿಡೀ ಅವಳೂ ಹೆಸರುಗಳ ಮೂಲ ಹುಡುಕಾಡಿದ್ದಳು. "ಕಾಂಟ್ರಾ ಅನ್ನೋದು ಎಲ್ಲಿಂದ ಬಂತು?"

"ಅದು ಸುಲಭ. ಫ್ರೆಂಚ್. ‘ಕೊಂತ್ರ್‌ದಾನ್ಸ್’. ಎದುರುಬದುರು ನಿಂತು ಕುಣಿಯೋದು."

"ಅದಕ್ಕೂ ಮುಂಚೆ?"

"ಅದಕ್ಕೂ ಮುಂಚೆನಾ?" ಅವನು ತಲೆ ಕೆರೆದುಕೊಂಡ.

"ಇಂಗ್ಲೆಂಡಿನವರು ‘ಕಂಟ್ರಿ ಡಾನ್ಸ್’ ಅಂತಿದ್ರು. ಹಳ್ಳಿ ಕುಣಿತ. ಅದು ಫ್ರಾನ್ಸಿಗೆ ಹೋಯ್ತು. ನಿಮ್ಮವರ ಕಿವಿಗೆ ‘ಕಂಟ್ರಿ’ ಹೋಗಿ ‘ಕೊಂತ್ರ್’ ಆಯ್ತು. ಎದುರುಬದುರು ನಿಂತಿದ್ದಾರಲ್ಲ, ಅದೇ ಅರ್ಥ ಇರಬೇಕು ಅಂತ ಅವರೇ ಕಥೆ ಕಟ್ಕೊಂಡ್ರು. ನಿಮ್ಮ ಜನಾನೂ ನಮ್ಮ ದೊಡ್ಡಪ್ಪನ ಜಾತಿನೇ ಮೇಷ್ಟ್ರೇ!"

ರೆಮಿಯ ಬಾಯಿಂದ ಆ ಮೊದಲ ದಿನದ ನಗು ಹೊರಬಿತ್ತು. ಬಸ್ಸಿನ ಕಂಬಿ ಹಿಡಿದುಕೊಂಡು, ಕಣ್ಣೊರೆಸಿಕೊಂಡು ನಕ್ಕ. ಈ ಸಲ ವಿನ್ನಿಯೂ ನಕ್ಕಳು. ಹಿಂದೆ ನಿಂತ ಬಸ್ಸುಗಳೆಲ್ಲ ಹಾರ್ನ್ ಹೊಡೆಯತೊಡಗಿದವು.

"ಶನಿವಾರ ಇದನ್ನ ಹೇಳಿ ಎಲ್ಲರಿಗೂ," ಎಂದ.

"ಶನಿವಾರ ಕಡೇದು ಅಂದೆನಲ್ಲ." ಅವಳ ದನಿ ಇಳಿಯಿತು. "ಕಥೆಗೋಸ್ಕರ ಅಲ್ಲ ರೆಮಿ. ಮೂರು ವರ್ಷ ಆಯ್ತು ನಾನು ಅಲ್ಲಿ ನಿಂತು. ಊರೆಲ್ಲ ಕೈ ಕೈ ಹಿಡ್ಕೊಂಡು ಸುತ್ತುತ್ತೆ, ನಾನು ಮೇಲಿಂದ ನೋಡ್ತೀನಿ. ಒಂದ್ಸಲಾನೂ ಕುಣಿದಿಲ್ಲ. ಎಲ್ಲರೂ ಕನಿಕರದಿಂದ ಸುಮ್ಮನಿದ್ರು ಅಂತ ಗೊತ್ತಾದ ಮೇಲೆ, ಆ ವೇದಿಕೆ ಇನ್ನೂ ಎತ್ತರ ಅನ್ನಿಸ್ತಿದೆ."

ಮೊದಲ ಸಲ ಅವಳು ಅವನ ಹೆಸರು ಹಿಡಿದು ಕರೆದಿದ್ದಳು. ಅದು ಇಬ್ಬರಿಗೂ ತಿಳಿದದ್ದು ಬಸ್ಸು ಹೊರಟ ಮೇಲೆ.

*

ಶನಿವಾರ ಹಾಲ್ ಕಿಕ್ಕಿರಿದಿತ್ತು. ಕರಗಿದ ಹಿಮದ ಕೆಸರು ಮೆತ್ತಿದ ಬೂಟುಗಳು ಬಾಗಿಲಿನಿಂದ ಗೋಡೆಯವರೆಗೆ ಸಾಲಾಗಿ ನಿಂತಿದ್ದವು. ಕೊನೆಯದೆಂದು ಗೊತ್ತಿದ್ದರಿಂದ ಅಕ್ಕಪಕ್ಕದ ಊರಿನವರೂ ಬಂದಿದ್ದರು. ರೆಮಿ ಮಾತ್ರ ಕಾಣಲಿಲ್ಲ. ವಿನ್ನಿ ಮೈಕು ಸರಿಮಾಡಿದಳು, ಮತ್ತೆ ಸರಿಮಾಡಿದಳು.

ಬಾಗಿಲು ತೆರೆಯಿತು. ಮೊದಲು ಬಂದದ್ದು ಲೆಟ್ಟಿ ದೊಡ್ಡಮ್ಮನ ಊರುಗೋಲು, ಆಮೇಲೆ ದೊಡ್ಡಮ್ಮ, ಆಮೇಲೆ ರೆಮಿಯ ಹೆಗಲ ಮೇಲೆ ಕೈಹಾಕಿಕೊಂಡು ಕುಂಟುತ್ತಾ ಓರಿನ್ ದೊಡ್ಡಪ್ಪ.

"ಈ ಮನುಷ್ಯ ಮೂರು ದಿನದಿಂದ ನಮ್ಮ ಅಡುಗೆಮನೇಲಿ ಕೂತಿದ್ದ," ಎಂದು ದೊಡ್ಡಮ್ಮ ಇಡೀ ಹಾಲ್‌ಗೆ ಸಾರಿದಳು. "ಒಂದು ಕುಣಿತ ಕೂಗೋಕೆ ಬನ್ನಿ ಅಂತ. ಓರಿನ್ ಹೇಳ್ದ, ಒಂದು ಒಳ್ಳೇ ಸುಳ್ಳು ಹೇಳಿ ತೋರ್ಸು, ಬರ್ತೀನಿ ಅಂತ. ಪಾಪ, ಎಷ್ಟು ಒದ್ದಾಡಿದ್ರೂ ಒಂದೂ ಹುಟ್ಟಲಿಲ್ಲ. ಕೊನೆಗೆ ನನ್ನ ಸೇಬಿನ ಕಡುಬು ಇಡೀ ರಾಜ್ಯದಲ್ಲೇ ಚೆನ್ನಾಗಿದೆ ಅಂದ."

"ಅದು ಸುಳ್ಳೇ," ಎಂದ ದೊಡ್ಡಪ್ಪ. "ಅದಕ್ಕೇ ಬಂದೆ."

ದೊಡ್ಡಪ್ಪನನ್ನು ವೇದಿಕೆಗೆ ಹತ್ತಿಸಿ, ಪಿಯಾನೊ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಆತ ವಿನ್ನಿಯ ಕೈಯಿಂದ ಮೈಕು ಕಿತ್ತುಕೊಂಡ.

"ಇಳಿ ಕೆಳಗೆ. ಕುಣಿ ಹೋಗು."

ಅವಳು ಇಳಿದಳು. ಮೂರೇ ಮೆಟ್ಟಿಲು. ಸಾಲಿನ ಕೆಳತುದಿಯಲ್ಲಿ ಜೊತೆಯಿಲ್ಲದೆ ನಿಂತಿದ್ದವನು ಒಬ್ಬನೇ. ಅಂಗಿಯ ಗುಂಡಿ ಇವತ್ತೂ ಒಂದು ಮನೆ ತಪ್ಪಿತ್ತು. ಅವಳು ಹೋಗಿ ಎದುರಿಗೆ ನಿಂತಳು.

"ಬರುತ್ತಾ ನಿಂಗೆ ಕುಣಿಯೋಕೆ?" ಎಂದು ಕೇಳಿದಳು.

"ಇಲ್ಲ," ಎಂದ. "ಅದು ನಿಂಗೂ ಗೊತ್ತು."

ಪಿಟೀಲು ಎದ್ದಿತು. ದೊಡ್ಡಪ್ಪನ ದನಿ ಹಳೆಯ ಗಂಟೆಯ ಹಾಗೆ ಮೊಳಗಿತು. ವಿನ್ನಿ ಮೂರು ವರ್ಷ ಬಾಯಲ್ಲಿ ಹೇಳಿದ್ದನ್ನೆಲ್ಲ ಅವಳ ಕಾಲುಗಳು ಹಸಿದವರ ಹಾಗೆ ಎತ್ತಿಕೊಂಡವು. ಇಬ್ಬರೂ ಕೈಹಿಡಿದು ಸುತ್ತಿದಾಗ ರೆಮಿ ಎಡವಲಿಲ್ಲ.

"ವಿನ್ನಿ, ನಾನು ಪ್ರತಿ ಶನಿವಾರ..." ಎಂದ.

"ಹೆಂಗಸರು ಆಚೆ ಬದಿಗೆ!" ಎಂದ ದೊಡ್ಡಪ್ಪ. ಅವಳು ಅವನ ಕೈ ಬಿಟ್ಟು ಆಚೆ ಬದಿಯಲ್ಲಿದ್ದ ಕ್ಲೈಡ್‌ನ ಕೈಗೆ ಹೋದಳು.

"ಏನಂತೆ?" ಎಂದ ಕ್ಲೈಡ್ ಅವಳನ್ನು ತಿರುಗಿಸುತ್ತಾ.

"ಪ್ರತಿ ಶನಿವಾರ ಅಂತೆ."

"ಪ್ರತಿ ಶನಿವಾರ ಏನು?"

"ನಂಗೇನು ಗೊತ್ತು? ತಿರುಗಿಸು ಬೇಗ!"

ಮರಳಿ ಬಂದಳು. ರೆಮಿ ಉಸಿರು ಹಿಡಿದು ಕಾದಿದ್ದ. "...ಬರ್ತಿದ್ದದ್ದು ಕುಣಿಯೋಕಲ್ಲ..."

"ಮುಂದಿನ ಜೋಡಿಗೆ ಸಾಗಿ!"

ಮುಂದಿನ ಜೋಡಿಗೆ ಸಾಗಿದರು. ಅಷ್ಟರಲ್ಲಿ ಕ್ಲೈಡ್, "ಕುಣಿಯೋಕೆ ಬರ್ತಿರಲಿಲ್ವಂತೆ!" ಎಂದು ಸಾಲಿನುದ್ದಕ್ಕೂ ಕೂಗಿ ಹೇಳಿಯಾಗಿತ್ತು. ಹೊಸ ಜೋಡಿಯ ಮುದುಕಿ ರೆಮಿಯ ಕೈಹಿಡಿದು, "ಅದು ನಿನ್ನ ಕಾಲು ನೋಡಿದ್ರೇ ಗೊತ್ತಾಗ್ತಿತ್ತಪ್ಪ. ಮುಂದಕ್ಕೆ ಹೇಳು," ಎಂದಳು.

"ಕಥೆಗೂ ಅಲ್ಲ," ಎಂದ ರೆಮಿ, ಈಗ ಯಾರಿಗೆ ಹೇಳುತ್ತಿದ್ದೇನೆಂಬ ಪರಿವೆಯಿಲ್ಲದೆ.

"ಕಥೆಗೂ ಅಲ್ವಂತೆ!" ಎಂದಿತು ಸಾಲು.

"ಮತ್ತೆ ಡೋನಟ್ಟಿಗಾ?" ಎಂದು ಯಾರೋ ಕಿರುಚಿದರು. ಹೆಸ್ಟರಮ್ಮ ಪಿಯಾನೊ ನಿಲ್ಲಿಸದೆ ತಲೆಯನ್ನು ಮಾತ್ರ ಹಿಂದಕ್ಕೆ ತಿರುಗಿಸಿದಳು. ಇಡೀ ಊರು ನಗುತ್ತಿತ್ತು, ತುಟಿ ಬಿಗಿಹಿಡಿಯದೆ, ಬಾಯ್ತುಂಬ. ಆ ನಗುವಿನ ನಡುವೆ ನಿಂತು ಕೇಳಿದರೆ ಅದು ಎಷ್ಟು ಬೆಚ್ಚಗಿದೆಯೆಂದು ವಿನ್ನಿಗೆ ಆಗ ತಿಳಿಯಿತು.

ಹೀಗೆ ಜೋಡಿಯಿಂದ ಜೋಡಿಗೆ ಸಾಗುತ್ತಾ ಇಬ್ಬರೂ ಸಾಲಿನ ಮೇಲ್ತುದಿಗೆ, ವೇದಿಕೆಯ ಬುಡಕ್ಕೆ, ಬಂದರು. ತುದಿಗೆ ಬಂದವರಿಗೆ ಎದುರು ಜೋಡಿ ಇರುವುದಿಲ್ಲ. ಒಂದು ಸುತ್ತು ಅವರು ಸುಮ್ಮನೆ ನಿಂತು, ಆಮೇಲೆ ಮತ್ತೆ ಒಳಗೆ ಸೇರಬೇಕು. ಅಲ್ಲಿ ಯಾರೂ ಅವಳನ್ನು ಎಳೆದೊಯ್ಯುವವರಿರಲಿಲ್ಲ. ಮಾತಾಡಲು ಬೇಕಾದಷ್ಟು ಹೊತ್ತಿತ್ತು.

ರೆಮಿ ತನ್ನ ಕಾಲು ನೋಡಿಕೊಂಡ.

"ಈಗ ಹೇಳು ಮೇಷ್ಟ್ರೇ."

"ಹೇಳ್ತಿದ್ದೀನಿ," ಎಂದ. ಹೇಳಲಿಲ್ಲ. ಹಣೆಯಲ್ಲಿ ಬೆವರಿತ್ತು. ಅವಳು ಕೈಚಾಚಿ ಅವನ ಅಂಗಿಯ ತಪ್ಪಿದ ಗುಂಡಿಯನ್ನು ಬಿಚ್ಚಿ, ಸರಿಯಾದ ಮನೆಗೆ ಹಾಕಿದಳು. ಆಮೇಲೂ ಕೈ ತೆಗೆಯಲಿಲ್ಲ. ಅಂಗಿಯ ಕೆಳಗೆ ಅವನ ಎದೆ ಪಿಟೀಲಿಗಿಂತ ಜೋರಾಗಿ ಬಡಿದುಕೊಳ್ಳುತ್ತಿತ್ತು.

"ನಂಗೂ ಹಾಗೇ," ಎಂದಳು.

"ನಾನಿನ್ನೂ ಹೇಳೇ ಇಲ್ಲ!"

"ಸಾಲಿನವರೆಲ್ಲ ಸೇರಿ ಅರ್ಧ ಹೇಳಿದ್ರು. ಮಿಕ್ಕಿದ್ದು ಇಲ್ಲಿ ಹೊಡ್ಕೋತಾ ಇದೆ."

ಅವನು ಅವಳ ಕೈಯ ಮೇಲೆ ತನ್ನ ಕೈಯಿಟ್ಟ. ಅವಳ ಹಣೆ ಅವನ ಗಲ್ಲಕ್ಕೆ ತಾಗಿತು.

"ಮೇಲ್ತುದಿಯ ಜೋಡಿ, ಒಳಗೆ ಬನ್ನಿ!" ಎಂದ ದೊಡ್ಡಪ್ಪ ಮೈಕಿನಲ್ಲಿ. ಕೆಳಗಿನಿಂದ ಬಂದ ಜೋಡಿ ಅವರಿಗಾಗಿ ಕೈಚಾಚಿ ನಿಂತಿತು. "ಏ ವಿನ್ನಿ! ಒಳಗೆ!"

ಕರೆಗೆ ಸರಿಯಾಗಿ ಹೆಜ್ಜೆ ಇಡುವುದನ್ನು ಇಡೀ ಊರಿಗೆ ಕಲಿಸಿದವಳಿಗೆ ಕರೆ ಕೇಳಿಸಿತ್ತು. ಅವಳು ಕದಲಲಿಲ್ಲ.

"ಬಿಡಿ ಅವರನ್ನ," ಎಂದ ದೊಡ್ಡಪ್ಪ ಮೈಕಿಗೆ. ಸಾಲು ಅವರನ್ನು ಬಳಸಿಕೊಂಡು ಕುಣಿಯುತ್ತಾ ಕೆಳಗೆ ಸಾಗಿತು.